ಮಳೆಗಾಲದ ನಾಲ್ಕು ತಿಂಗಳು ಲಾನ್‌ಗೆ ಗೊಬ್ಬರ ಹಾಕಬಾರದಂತೆ. ಹುಲ್ಲು ಉಳಿಯುತ್ತದಾ?

ಓದುಗರ ಪ್ರಶ್ನೆ:

"ಸರ್, ನಾವು ಮಂಡ್ಯ ಕಡೆಯವರು. ಎರಡು ವರ್ಷದ ಹಿಂದೆ ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮನೆ ತಗೊಂಡ್ವಿ. ಮುಂದೆ, ಹಿಂದೆ ಸೇರಿ ಸುಮಾರು 4,000 ಚದರ ಅಡಿ ಸೇಂಟ್ ಅಗಸ್ಟೀನ್ ಹುಲ್ಲಿದೆ. ಹಿಂದುಗಡೆ ಒಂದು ಸಣ್ಣ ಕೊಳ. ನೇರಳೆ ಪೈಪಿನ ಸ್ಪ್ರಿಂಕ್ಲರ್ ವಾರಕ್ಕೆ ಮೂರು ದಿನ ಓಡುತ್ತೆ. ಆದರೂ ಜುಲೈ ಬಂತು ಅಂದ್ರೆ ಹುಲ್ಲು ಅಲ್ಲಲ್ಲಿ ಹಳದಿಯಾಗುತ್ತೆ. ಈ ಸಲ ಎಚ್‌ಒಎ, ಅಂದ್ರೆ ಬಡಾವಣೆಯ ಮನೆ ಮಾಲೀಕರ ಸಂಘದಿಂದ ನೋಟಿಸ್ ಬೇರೆ ಬಂತು. ಗೊಬ್ಬರ ತರೋಣ ಅಂತ ಅಂಗಡಿಗೆ ಹೋದ್ರೆ, ಸೆಪ್ಟೆಂಬರ್ ಮುಗಿಯೋವರೆಗೂ ಮಾರೋ ಹಾಗಿಲ್ಲ, ಹಾಕೋ ಹಾಗೂ ಇಲ್ಲ ಅಂದ್ರು. ಬೇರೆ ಕೌಂಟಿಯಲ್ಲಿರೋ (ನಮ್ಮ ಜಿಲ್ಲೆ ಇದ್ದ ಹಾಗೆ) ಸ್ನೇಹಿತರೊಬ್ಬರು 'ನಮ್ಮ ಕಡೆ ಸಿಗುತ್ತೆ, ಸಂಜೆ ಹೊತ್ತು ಹಾಕಿಬಿಡಿ, ಯಾರು ನೋಡ್ತಾರೆ' ಅಂತಾರೆ. ನನಗೆ ಮನಸ್ಸಿಲ್ಲ. ಆದ್ರೆ ಒಂದು ಪ್ರಶ್ನೆ ಕಾಡುತ್ತೆ. ಪೈನಿ ಪಾಯಿಂಟ್ ಕಾರ್ಖಾನೆಯಿಂದ ಕೋಟಿಗಟ್ಟಲೆ ಲೀಟರ್ ಕೊಳಕು ನೀರು ಇಲ್ಲಿನ ಟ್ಯಾಂಪಾ ಕೊಲ್ಲಿಗೆ ಬಿಟ್ಟರು. ಬೆಂಗಳೂರಲ್ಲಿ ಬೆಳ್ಳಂದೂರು ಕೆರೆ ನೊರೆ ಉಗುಳಿದ್ದು ಕೊಳಚೆ ನೀರಿಂದ. ಹಾಗಿರುವಾಗ ನನ್ನ ಒಂದು ಮೂಟೆ ಗೊಬ್ಬರದಿಂದ ಸಮುದ್ರ ಕೆಡುತ್ತಾ? ಸಗಣಿ ಗೊಬ್ಬರ ಹಾಕಬಹುದಾ? ಕುಂಡದಲ್ಲಿರೋ ಕರಿಬೇವು, ಮಲ್ಲಿಗೆ, ಹಿತ್ತಲಿನ ಬದನೆ ಗಿಡಕ್ಕೂ ಈ ಕಾನೂನು ಅನ್ವಯಿಸುತ್ತಾ?"

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಸಂಕಟ ಕಾಣಿಸುತ್ತಿದೆ. ಹುಲ್ಲು ಹಾಳಾಗಿ ಎಚ್‌ಒಎ ದಂಡ ಹಾಕೀತು ಅನ್ನುವುದು ಒಂದು. ದೊಡ್ಡವರು ಮಾಡಿದ್ದಕ್ಕೆ ನಾವು ಯಾಕೆ ಕಟ್ಟಿಹಾಕಿಸಿಕೊಳ್ಳಬೇಕು ಅನ್ನುವುದು ಇನ್ನೊಂದು. ಎರಡೂ ನ್ಯಾಯವಾದ ಮಾತೇ.

ಮೊದಲು ಧೈರ್ಯ ಹೇಳಿಬಿಡುತ್ತೇನೆ. ನಾಲ್ಕು ತಿಂಗಳು ಗೊಬ್ಬರ ಇಲ್ಲದಿದ್ದರೆ ನಿಮ್ಮ ಹುಲ್ಲು ಸಾಯುವುದಿಲ್ಲ. ಮಣ್ಣು, ಹುಲ್ಲಿನ ಕೆಲಸ ಮಾಡುತ್ತಾ ಈ ಕಡೆ ಇಪ್ಪತ್ತು ವರ್ಷ ಕಳೆದಿದ್ದೇನೆ. ಜುಲೈ, ಆಗಸ್ಟ್‌ನಲ್ಲಿ ಹಳದಿಯಾದ ಲಾನ್‌ಗಳನ್ನು ಮಂಡಿಯೂರಿ ಕೂತು ಕಿತ್ತು ನೋಡಿದ್ದೇನೆ. ಅವುಗಳಲ್ಲಿ ನಿಜವಾಗಿ ಸಾರಜನಕದ ಹಸಿವಿನಿಂದ ಹಳದಿಯಾದವು ಕಡಿಮೆ. ಕೀಟ, ರೋಗ, ಜಾಸ್ತಿ ನೀರು, ತೀರಾ ಗಿಡ್ಡ ಕಟಾವು: ಇವೇ ಜಾಸ್ತಿ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಕಾನೂನಿನ ಹಿಂದಿನ ಯೋಚನೆ ನಿಮಗೆ ಹೊಸದೇನಲ್ಲ. ಮಂಡ್ಯದವರು ಅಂದಿರಿ. ಭತ್ತಕ್ಕೆ ಮೇಲುಗೊಬ್ಬರ ಕೊಡುವ ದಿನ ಮನೆಯ ಹಿರಿಯರು ಮೊದಲು ಏನು ಮಾಡುತ್ತಿದ್ದರು ನೆನಪಿಸಿಕೊಳ್ಳಿ. ಆಕಾಶ ನೋಡುತ್ತಿದ್ದರು. ಮೋಡ ಕಟ್ಟಿದ್ದರೆ ಯೂರಿಯಾ ಮೂಟೆ ಬಿಚ್ಚುತ್ತಿರಲಿಲ್ಲ. ಗದ್ದೆಯ ನೀರು ಕಟ್ಟಿಹಾಕಿ, ಬದು ಸರಿಮಾಡಿ ಆಮೇಲೆ ಚೆಲ್ಲುತ್ತಿದ್ದರು. ಮಳೆಗೆ ಕೊಚ್ಚಿಹೋದರೆ ದುಡ್ಡೂ ಹೋಯಿತು, ಬೆಳೆಗೂ ಸಿಗಲಿಲ್ಲ ಅಂತ ಅವರಿಗೆ ಗೊತ್ತಿತ್ತು. ನಿಮ್ಮೂರು ಸೇರಿರುವ ಪಿನೆಲಸ್ ಕೌಂಟಿ 2010ರಲ್ಲಿ ಮಾಡಿದ ಕಾನೂನೂ ಇದನ್ನೇ ಹೇಳುತ್ತದೆ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಸಾರಜನಕ, ರಂಜಕ ಇರುವ ಲಾನ್ ಗೊಬ್ಬರ ಹಾಕಬಾರದು. ಟ್ಯಾಂಪಾ ಕೊಲ್ಲಿಯ ಸುತ್ತ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸುರಿಯುವುದು ಈ ನಾಲ್ಕೇ ತಿಂಗಳಲ್ಲಿ. ಮಧ್ಯಾಹ್ನ ಮೂರು ಗಂಟೆಗೆ ಗುಡುಗು ಶುರುವಾದರೆ ಅರ್ಧ ಗಂಟೆಯಲ್ಲಿ ರಸ್ತೆ ಹೊಳೆಯಾಗುತ್ತದೆ. ಕೆಳಗೆ ಮಣ್ಣು ನೋಡಿದರೆ ಬರೀ ಮರಳು. ನಮ್ಮ ಕಡೆಯ ಕಪ್ಪು ಮಣ್ಣಿನ ಹಾಗೆ ಗೊಬ್ಬರವನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ.

ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ಪಿನೆಲಸ್‌ಗಿಂತ ದಕ್ಷಿಣಕ್ಕಿರುವ ಸರಸೋಟಾ ಕೌಂಟಿ ಒಂದು. ಅಲ್ಲಿ 2007ರಲ್ಲೇ ಇಂಥ ಕಾನೂನು ಬಂತು. ಪಿನೆಲಸ್ ಒಂದು ಹೆಜ್ಜೆ ಮುಂದೆ ಹೋಗಿ ಆ ತಿಂಗಳುಗಳಲ್ಲಿ ಅಂಗಡಿ ಮಾರಾಟವನ್ನೂ ನಿಲ್ಲಿಸಿತು. ಹಾಗಾಗಿ ನಿಮಗೆ ಮೂಟೆ ಸಿಗಲಿಲ್ಲ. ಬೇರೆ ಕೌಂಟಿಯಲ್ಲಿ ಸಿಗಬಹುದು, ನಿಜ. ಆದರೆ ನೋಡಬೇಕಾದ್ದು ಎಲ್ಲಿ ಕೊಂಡಿರಿ ಅನ್ನುವುದನ್ನಲ್ಲ, ಎಲ್ಲಿ ಹಾಕಿದಿರಿ ಅನ್ನುವುದನ್ನು. ನಿಮ್ಮ ಮನೆಗೆ ನಿಮ್ಮೂರಿನ ಕಾನೂನೇ.

ಈಗ ನೀರು ಎಲ್ಲಿಗೆ ಹೋಗುತ್ತದೆ ನೋಡೋಣ. ತುಂಬಾ ಜನ ತಪ್ಪು ತಿಳಿದಿರುವುದು ಇಲ್ಲೇ. ರಸ್ತೆ ಬದಿಯ ಚರಂಡಿ ಬಾಯಿಗೆ ಹೋದ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ. ಬಚ್ಚಲು, ಶೌಚಾಲಯದ ನೀರಿನ ಪೈಪ್ ಬೇರೆ, ಮಳೆನೀರಿನ ಪೈಪ್ ಬೇರೆ. ಮಳೆನೀರು ನೇರವಾಗಿ ಹಳ್ಳ, ಕೊಳ, ಕೊನೆಗೆ ಕೊಲ್ಲಿ ಸೇರುತ್ತದೆ. ನಿಮ್ಮ ಮನೆ ಹಿಂದಿನ ಕೊಳವೂ ಬಹುತೇಕ ಚೆಂದಕ್ಕೆ ತೋಡಿದ್ದಲ್ಲ. ಬಡಾವಣೆ ಕಟ್ಟುವಾಗ ಮಳೆನೀರು ಸ್ವಲ್ಪ ಹೊತ್ತು ನಿಂತು ಕಸ ಕೆಳಗೆ ಕೂರಲಿ ಅಂತ ತೋಡಿರುತ್ತಾರೆ. ಅದು ತುಂಬಿದರೆ ಮುಂದಕ್ಕೆ ಹರಿಯುತ್ತದೆ.

ಕಾನೂನು ಬರುವುದಕ್ಕೆ ಮೊದಲಿನ ಒಂದು ಮಧ್ಯಾಹ್ನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಬ್ಬರ ಮನೆಗೆ ಹುಲ್ಲು ನೋಡಲು ಹೋಗಿದ್ದೆ. ಬೆಳಿಗ್ಗೆ ತಾನೇ ಅವರು ತಳ್ಳುಗಾಡಿಯಲ್ಲಿ ಗೊಬ್ಬರ ಎರಚಿದ್ದರು. ಕಾರು ನಿಲ್ಲಿಸುವ ಸಿಮೆಂಟ್ ಜಾಗದ ಮೇಲೂ ಸಾಬೂದಾನಿ ಚೆಲ್ಲಿದ ಹಾಗೆ ಬಿಳಿ ಕಾಳು ಬಿದ್ದಿದ್ದವು. ನಾವು ಜಗಲಿಯಲ್ಲಿ ಮಾತಾಡುತ್ತಾ ನಿಂತಾಗ ಮಳೆ ಬಂತು. ಕಾಳುಗಳು ಸಾಲಾಗಿ ಇಳಿಜಾರಿಗೆ ಉರುಳಿದವು. ರಸ್ತೆ ಅಂಚಿಗೆ ಬಂದು, ಅಲ್ಲಿಂದ ನೀರಿನ ಜೊತೆ ತಿರುಗಿ, ಚರಂಡಿ ಬಾಯಿಗೆ ಬಿದ್ದವು. ಹತ್ತು ನಿಮಿಷ ಸಾಕಾಯಿತು. ಮನೆಯವರು ನೋಡುತ್ತಾ ನಿಂತಿದ್ದರು. "ಇಷ್ಟೂ ನನ್ನ ದುಡ್ಡೇ ಅಲ್ವಾ" ಅಂದರು.

ಬೆಳ್ಳಂದೂರಿನ ಮಾತು ಎತ್ತಿದ್ದೀರಿ. ಅಲ್ಲಿ ಮೂಲ ಕೊಳಚೆ ನೀರು, ಅದರಲ್ಲಿನ ಸಾಬೂನು. ಇಲ್ಲಿಯದೇ ಬೇರೆ. ಆದರೆ ನೀರೊಳಗೆ ನಡೆಯುವ ಕೆಲಸ ಒಂದೇ ತರಹದ್ದು. ಸಾರಜನಕ, ರಂಜಕ ಜಾಸ್ತಿಯಾದರೆ ಪಾಚಿ ಉಕ್ಕುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಮೀನಿಗೆ ಉಸಿರಿಲ್ಲ. ಅದಕ್ಕೂ ಮೊದಲೇ ನೀರು ಹಸಿರು ಗಂಜಿಯ ಹಾಗಾಗಿ, ತಳದಲ್ಲಿ ಬೆಳೆಯುವ ಕಡಲಹುಲ್ಲಿಗೆ ಬಿಸಿಲು ತಲುಪುವುದಿಲ್ಲ. ಬಿಸಿಲಿಲ್ಲದ ಕಡಲಹುಲ್ಲು ಸಾಯುತ್ತದೆ. ಅದನ್ನೇ ನಂಬಿದ ಮ್ಯಾನಟಿ, ಅಂದರೆ ಕಡಲಹಸು, ಹೊಟ್ಟೆಗಿಲ್ಲದೆ ಸಾಯುತ್ತದೆ. ಇದು ಕಥೆಯಲ್ಲ. ಫ್ಲೋರಿಡಾದ ಪೂರ್ವ ಕರಾವಳಿಯ ಇಂಡಿಯನ್ ರಿವರ್ ಲಗೂನ್ ಅನ್ನುವ ಉಪ್ಪುನೀರಿನ ಹಿನ್ನೀರಿನಲ್ಲಿ ವರ್ಷಗಟ್ಟಲೆ ಪಾಚಿ ಉಕ್ಕಿ ಕಡಲಹುಲ್ಲು ಬರಿದಾಯಿತು. 2021ರಲ್ಲಿ ಇಡೀ ರಾಜ್ಯದಲ್ಲಿ ಸುಮಾರು 1,100 ಮ್ಯಾನಟಿ ಸತ್ತವು. ಎಲ್ಲವೂ ಹಸಿವಿನಿಂದಲೇ ಅಲ್ಲ, ಆದರೆ ಲಗೂನ್ ಕಡೆ ಹಸಿವೇ ದೊಡ್ಡ ಕಾರಣ. ಮುಂದಿನ ಚಳಿಗಾಲದಲ್ಲಿ ವನ್ಯಜೀವಿ ಅಧಿಕಾರಿಗಳು 2 ಲಕ್ಷ ಪೌಂಡ್‌ಗೂ ಜಾಸ್ತಿ ಲೆಟ್ಯೂಸ್ ಸೊಪ್ಪನ್ನು ನೀರಿಗೆ ಎಸೆದು ಅವನ್ನು ಸಾಕಬೇಕಾಯಿತು. ಕಾಡುಪ್ರಾಣಿಗೆ ಕೈಯಾರೆ ಸೊಪ್ಪು ಹಾಕುವ ಪರಿಸ್ಥಿತಿ ಬಂದದ್ದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಸಾರಜನಕವೋ ರಂಜಕವೋ ಅನ್ನುವುದು ಊರಿಂದ ಊರಿಗೆ ಬದಲಾಗುತ್ತದೆ. ಸಿಹಿನೀರಿನ ಕೆರೆಗಳಲ್ಲಿ ಸಾಮಾನ್ಯವಾಗಿ ಪಾಚಿಗೆ ಕೊರತೆಯಿರುವುದು ರಂಜಕ. ಅದು ಸಿಕ್ಕಿದ ಕೂಡಲೇ ಉಕ್ಕುತ್ತದೆ. ಅದಕ್ಕೇ ಕೆರೆಗಳ ನಾಡಾದ ಮಿನ್ನೆಸೋಟಾ ಹಿಡಿದದ್ದು ರಂಜಕವನ್ನು. 2002ರಲ್ಲಿ ಕಾನೂನು ಮಾಡಿ, 2004ರಲ್ಲಿ ಮಿನಿಯಾಪೊಲಿಸ್-ಸೇಂಟ್ ಪಾಲ್ ಅವಳಿ ನಗರಗಳ ಸುತ್ತ, 2005ರಿಂದ ಇಡೀ ರಾಜ್ಯದಲ್ಲಿ ಲಾನ್‌ಗೆ ರಂಜಕ ಹಾಕುವುದನ್ನು ನಿಲ್ಲಿಸಿತು. ಹೊಸ ಹುಲ್ಲು ಹಾಕುವವರಿಗೆ, ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ಮಾತ್ರ ವಿನಾಯಿತಿ. ಟ್ಯಾಂಪಾ ಕೊಲ್ಲಿಯಂಥ ಉಪ್ಪುನೀರಿನಲ್ಲಿ ಕೊರತೆಯಿರುವುದು ಸಾರಜನಕ. ರಂಜಕ ಇಲ್ಲಿನ ಮಣ್ಣಿನಲ್ಲೇ ಧಾರಾಳವಾಗಿದೆ. ಪಕ್ಕದಲ್ಲೇ ಫಾಸ್ಫೇಟ್ ಗಣಿಗಳಿವೆ ಅಂದಮೇಲೆ ಕೇಳಬೇಕೇ? ಹಾಗಾಗಿ ಇಲ್ಲಿನ ಕಾನೂನಿನ ಕಣ್ಣು ಸಾರಜನಕದ ಮೇಲೆ ಜಾಸ್ತಿ. ರಂಜಕವನ್ನಂತೂ ಮಣ್ಣು ಪರೀಕ್ಷೆ ಇಲ್ಲದೆ ಯಾವ ತಿಂಗಳಲ್ಲೂ ಹಾಕಬೇಡಿ.

ಇಂಥ ಕಾನೂನಿನಿಂದ ನೀರಿಗೆ ನಿಜಕ್ಕೂ ಲಾಭವಾಗಿದೆಯಾ? ಒಂದು ಕಡೆ ಚೆನ್ನಾಗಿ ಅಳೆದು ನೋಡಿದ್ದಾರೆ. ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಪಟ್ಟಣ ಲಾನ್ ಗೊಬ್ಬರದ ರಂಜಕಕ್ಕೆ ಕಡಿವಾಣ ಹಾಕಿತು. ಮಿಷಿಗನ್ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಅಲ್ಲಿನ ಹ್ಯೂರಾನ್ ನದಿಯ ನೀರನ್ನು ಹಳೆಯ ಅಳತೆಗಳ ಜೊತೆ ಹೋಲಿಸಿತು. ಒಟ್ಟು ರಂಜಕ ಸರಾಸರಿ 28 ಶೇಕಡಾ ಇಳಿದಿತ್ತು. ಇಷ್ಟೂ ಕಾನೂನೊಂದರಿಂದಲೇ ಆಯಿತು ಅನ್ನುವ ಹಾಗಿಲ್ಲ. ಅದೇ ಹೊತ್ತಿಗೆ ಊರಲ್ಲಿ ಜನಜಾಗೃತಿಯೂ ನಡೆದಿತ್ತು. ಆದರೂ ಸಣ್ಣ ಊರೊಂದರ ಮನೆಯಂಗಳಗಳು ನದಿಯಲ್ಲಿ ಕಾಣುವಷ್ಟು ವ್ಯತ್ಯಾಸ ಮಾಡಬಲ್ಲವು ಅಂತ ಅದರಿಂದ ನನಗೆ ನಂಬಿಕೆ ಬಂತು.

ಟ್ಯಾಂಪಾ ಕೊಲ್ಲಿಯಲ್ಲಿ ಚಿತ್ರ ಅಷ್ಟು ಸರಳವಲ್ಲ. 1970ರ ದಶಕದಲ್ಲಿ ಈ ಕೊಲ್ಲಿ ಪಾಚಿ ಕಟ್ಟಿ ನಾರುತ್ತಿತ್ತು. ಕೊಳಚೆ ನೀರಿನ ಘಟಕಗಳನ್ನು ಸರಿಮಾಡಿದ ಮೇಲೆ ನೀರು ತಿಳಿಯಾಯಿತು, ಕಡಲಹುಲ್ಲು ಮರಳಿತು. 2016ರಲ್ಲಿ ಅದು 41,000 ಎಕರೆ ದಾಟಿತ್ತು. ಆಮೇಲೆ ಮತ್ತೆ ಇಳಿದು 2022ಕ್ಕೆ ಸುಮಾರು 30,000 ಎಕರೆಗೆ ಬಂತು. ಬೇಸಿಗೆ ನಿಷೇಧ (ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವೇ ಬೇಸಿಗೆ) ಇದ್ದಾಗಲೇ ಹೀಗಾಯಿತು ಅನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಜನ ಹೆಚ್ಚಿದರು, ಮನೆ ಹೆಚ್ಚಿದವು, ನೀರು ಬಿಸಿಯಾಯಿತು. ಕಾರಿನ ಹೊಗೆಯ ಸಾರಜನಕ ಮಳೆಯ ಜೊತೆ ಬೀಳುತ್ತದೆ. ನಾಯಿ ಹೇಲು, ಓಕ್ ಎಲೆ, ಚರಂಡಿಗೆ ಊದಿದ ಹುಲ್ಲಿನ ಚೂರು ಎಲ್ಲದರಲ್ಲೂ ಸಾರಜನಕ ಇದೆ. ಒಂದು ಗೊಬ್ಬರದ ಕಾನೂನು ಇಷ್ಟನ್ನೂ ತಡೆಯಲಾರದು.

ಕೆಂಪು ಅಲೆ, ಅಂದರೆ ಕಡಲಲ್ಲಿ ವಿಷದ ಪಾಚಿ ಉಕ್ಕಿ ಮೀನು ಸಾಯುವ ರೆಡ್ ಟೈಡ್ ವಿಷಯದಲ್ಲೂ ಎರಡು ಕಡೆಯ ಅತಿ ಮಾತು ಕೇಳಿಬರುತ್ತದೆ. "ಅದು ಲಾನ್ ಗೊಬ್ಬರದಿಂದಲೇ ಬರುವುದು" ಅನ್ನುವುದು ತಪ್ಪು. ಅದನ್ನು ತರುವ ಸೂಕ್ಷ್ಮಜೀವಿ ಹುಟ್ಟುವುದು ದಡದಿಂದ ಹತ್ತಾರು ಮೈಲಿ ದೂರದ ಕಡಲಲ್ಲಿ. ಲಾನ್‌ಗಳು ಇರದ 1840ರ ದಶಕದಿಂದಲೂ ಅದರ ದಾಖಲೆ ಇದೆ. "ಹಾಗಾದರೆ ನಮಗೂ ಅದಕ್ಕೂ ಸಂಬಂಧವೇ ಇಲ್ಲ" ಅನ್ನುವುದೂ ತಪ್ಪು. ದಡದ ಹತ್ತಿರ ಬಂದಮೇಲೆ ಅದಕ್ಕೆ ನಮ್ಮ ಕಡೆಯಿಂದ ಹರಿದುಬಂದ ಸಾರಜನಕ ಊಟವಾಗುತ್ತದೆ, ಬೇಗ ಹೋಗಬೇಕಾದದ್ದು ಇನ್ನಷ್ಟು ದಿನ ಉಳಿಯುತ್ತದೆ.

ಇನ್ನು ಪೈನಿ ಪಾಯಿಂಟ್. 2021ರ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಆ ಹಳೆಯ ಫಾಸ್ಫೇಟ್ ಕಾರ್ಖಾನೆಯ ಕಟ್ಟೆ ಒಡೆಯುವ ಭಯದಲ್ಲಿ ಸುಮಾರು 21.5 ಕೋಟಿ ಗ್ಯಾಲನ್, ನಮ್ಮ ಲೆಕ್ಕದಲ್ಲಿ 80 ಕೋಟಿ ಲೀಟರ್‌ಗೂ ಜಾಸ್ತಿ, ಪೋಷಕಾಂಶ ತುಂಬಿದ ನೀರನ್ನು ಕೊಲ್ಲಿಗೆ ಬಿಟ್ಟರು. ಅದೇ ಬೇಸಿಗೆಯಲ್ಲಿ ಕೆಂಪು ಅಲೆ ಬಂದು ಪಿನೆಲಸ್‌ನ ದಡಗಳಲ್ಲಿ ಸಾವಿರಕ್ಕೂ ಹೆಚ್ಚು ಟನ್ ಸತ್ತ ಮೀನು, ಕಸ ಎತ್ತಬೇಕಾಯಿತು. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನನಗೂ ಆ ಸಿಟ್ಟಿದೆ. ದೊಡ್ಡ ಮೂಲಗಳ ಮೇಲೆ ಬಿಗಿ ಬರಲೇಬೇಕು, ಅದಕ್ಕೆ ನಾಗರಿಕರು ದನಿ ಎತ್ತಲೇಬೇಕು. ಆದರೆ ಒಂದು ಲೆಕ್ಕ ನೋಡಿ. ಪೈನಿ ಪಾಯಿಂಟ್ ಒಂದು ಸಲದ ಅನಾಹುತ. ವರ್ಷ ವರ್ಷವೂ ಟ್ಯಾಂಪಾ ಕೊಲ್ಲಿಗೆ ಹೋಗುವ ಸಾರಜನಕದಲ್ಲಿ ಅತಿ ದೊಡ್ಡ ಪಾಲು ಬರುವುದು ಮಳೆನೀರಿನ ಹರಿವಿನಿಂದ. ಆ ಹರಿವಿಗೆ ಒಂದೇ ಒಂದು ದೊಡ್ಡ ಕೊಳವೆ ಇಲ್ಲ. ಲಕ್ಷಾಂತರ ಅಂಗಳಗಳಿವೆ. ಅದರಲ್ಲಿ ನಿಮ್ಮದೂ ಒಂದು, ನನ್ನದೂ ಒಂದು.

ವಿಜ್ಞಾನಿಗಳಲ್ಲೂ ಭಿನ್ನಾಭಿಪ್ರಾಯ ಇದೆ. ಅದನ್ನು ಹೇಳದೆ ಇರುವುದು ನಿಮಗೆ ಮಾಡಿದ ಅನ್ಯಾಯವಾಗುತ್ತದೆ. ಸೇಂಟ್ ಅಗಸ್ಟೀನ್ ಹುಲ್ಲು ಜೋರಾಗಿ ಬೆಳೆಯುವುದೇ ಬೇಸಿಗೆಯಲ್ಲಿ. ಆಗ ಅದರ ಬೇರು ಸಾರಜನಕವನ್ನು ಚೆನ್ನಾಗಿ ಹೀರುತ್ತದೆ, ಸರಿಯಾದ ಪ್ರಮಾಣದಲ್ಲಿ ಹಾಕಿದರೆ ಸೋರಿಕೆ ಕಡಿಮೆ ಅನ್ನುವುದು ಫ್ಲೋರಿಡಾ ವಿಶ್ವವಿದ್ಯಾಲಯದ ಹುಲ್ಲು ತಜ್ಞರು ಹಲವರ ವಾದ. ಸೊರಗಿದ ತೆಳು ಹುಲ್ಲಿನಿಂದ ಮಣ್ಣು ಕೊಚ್ಚಿಹೋಗುತ್ತದೆ ಅಂತಲೂ ಹೇಳುತ್ತಾರೆ. 2023ರಲ್ಲಿ ರಾಜ್ಯ ಶಾಸಕಾಂಗ ಈ ನಿಷೇಧಗಳ ಫಲ ಅಧ್ಯಯನ ಮಾಡಲು ಅದೇ ವಿಶ್ವವಿದ್ಯಾಲಯಕ್ಕೆ 2.5 ಲಕ್ಷ ಡಾಲರ್ ಕೊಟ್ಟು, ಹೊಸದಾಗಿ ಇಂಥ ಬೇಸಿಗೆ ನಿಷೇಧ ತರದಂತೆ ಊರುಗಳಿಗೆ ಒಂದು ವರ್ಷ ತಡೆ ಹಾಕಿತು. ಹಳೆಯ ನಿಷೇಧಗಳು ಹಾಗೇ ಉಳಿದವು. ನನ್ನ ಅನುಭವ ಹೇಳುವುದು ಬೇರೆ. ಪ್ರಯೋಗದ ತಾಕಿನಲ್ಲಿ ಅಳತೆ ತಪ್ಪುವುದಿಲ್ಲ, ಅಂಚಿಗೆ ಚೆಲ್ಲುವುದಿಲ್ಲ, ಮಳೆ ನೋಡಿ ಹಾಕುತ್ತಾರೆ. ಶನಿವಾರ ಬಿಡುವಾದಾಗ ಗೊಬ್ಬರ ಹಾಕುವ ಮನೆಯವರಿಗೆ ಅದು ಸಾಧ್ಯವಿಲ್ಲ. ಬೈದು ಹೇಳುತ್ತಿಲ್ಲ, ಬದುಕು ಇರುವುದೇ ಹಾಗೆ. ಅದಕ್ಕೇ ನಾನು ನಿಷೇಧದ ಪರ.

ಈಗ ನಿಮ್ಮ ಹಳದಿ ಹುಲ್ಲಿಗೆ ಬರೋಣ.

ಮೊದಲು ಒಂದು ಹಳೆಯ ಕಾಫಿ ಡಬ್ಬಿ ಹುಡುಕಿ. ಮೇಲೆ, ಕೆಳಗೆ ಎರಡೂ ಕಡೆ ಮುಚ್ಚಳ ಕತ್ತರಿಸಿ ಕೊಳವೆ ಮಾಡಿ. ಹಳದಿ ಮುಗಿದು ಹಸಿರು ಶುರುವಾಗುವ ಅಂಚಿನಲ್ಲಿ ಎರಡು ಮೂರು ಇಂಚು ಮಣ್ಣಿಗೆ ಒತ್ತಿ. ತುಂಬಾ ನೀರು ಹಾಕಿ, ಇಳಿದ ಹಾಗೆಲ್ಲ ತುಂಬಿಸುತ್ತಾ ಐದು ನಿಮಿಷ ಕಾಯಿರಿ. ಎಳ್ಳುಕಾಳಿನಷ್ಟು ಅಥವಾ ತುಸು ದೊಡ್ಡ, ಕಪ್ಪು ಮೈಗೆ ಬಿಳಿ ರೆಕ್ಕೆಯ ಹುಳ ತೇಲಿಬಂದರೆ ಅದು ಚಿಂಚ್ ಬಗ್, ತಿಗಣೆ ಬಳಗದ ರಸ ಹೀರುವ ಕೀಟ. ಮರಿಗಳು ಕೆಂಪಗಿರುತ್ತವೆ, ನಡುವಿಗೆ ಬಿಳಿ ಪಟ್ಟಿ. ಬಿಸಿಲು ಬೀಳುವ ಜಾಗ, ಫುಟ್‌ಪಾತ್ ಅಂಚು ಮೊದಲು ಹಳದಿಯಾಗಿದ್ದರೆ ಇದರ ಮೇಲೇ ಅನುಮಾನ. ಈ ಹುಳ ಇದ್ದಾಗ ಸಾರಜನಕ ಹಾಕಿದರೆ ಎಳೆ ಹುಲ್ಲು ತಿಂದು ಅದು ಇನ್ನೂ ಹೆಚ್ಚುತ್ತದೆ. ಕೀಟನಾಶಕ ಬೇಕಾದರೆ ಆ ತುಂಡಿಗೆ ಮಾತ್ರ ಹೊಡೆಸಿ. ಕೆಲವು ಔಷಧಿಗಳಿಗೆ ಇಲ್ಲಿನ ಚಿಂಚ್ ಬಗ್ ಆಗಲೇ ಒಗ್ಗಿಹೋಗಿದೆ, ಹಾಗಾಗಿ ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆಯಬೇಡಿ.

ಹುಳ ಸಿಗದಿದ್ದರೆ ಎಲೆ ನೋಡಿ. ಬೂದು ಬಣ್ಣದ, ಸುತ್ತ ಕಂದು ಅಂಚಿನ ಸಣ್ಣ ಮಚ್ಚೆಗಳಿವೆಯಾ? ಇದ್ದರೆ ಅದು ಗ್ರೇ ಲೀಫ್ ಸ್ಪಾಟ್. ಭತ್ತಕ್ಕೆ ಬೆಂಕಿ ರೋಗ ತರುವ ಶಿಲೀಂಧ್ರದ ದಾಯಾದಿ ಇದು. ಯೂರಿಯಾ ಜಾಸ್ತಿ ಕೊಟ್ಟ ಗದ್ದೆಗೆ ಬೆಂಕಿ ರೋಗ ಹೇಗೆ ಬೇಗ ಹತ್ತುತ್ತದೋ ಇಲ್ಲೂ ಹಾಗೇ. ಮಳೆಗಾಲದಲ್ಲಿ ಸಾರಜನಕ ಕೊಟ್ಟಷ್ಟೂ ಇದು ಉಲ್ಬಣಿಸುತ್ತದೆ. ಗೊಬ್ಬರ ಸಿಗದೇ ಇದ್ದದ್ದು ನಿಮ್ಮ ಹುಲ್ಲಿಗೆ ಒಳ್ಳೆಯದೇ ಆಗಿರಬಹುದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ನೇರಳೆ ಪೈಪ್. ಅದು ಶುದ್ಧೀಕರಿಸಿದ ಕೊಳಚೆ ನೀರು. ಸೇಂಟ್ ಪೀಟರ್ಸ್‌ಬರ್ಗ್ 1977ರಿಂದ ಈ ನೀರನ್ನು ಮರುಬಳಕೆಗೆ ಕೊಡುತ್ತಿದೆ, ದೇಶಕ್ಕೇ ಮೊದಲಿಗರಲ್ಲಿ ಒಂದು. ಒಳ್ಳೆಯ ಕೆಲಸ. ಆದರೆ ಆ ನೀರಿನಲ್ಲಿ ಸಾರಜನಕ, ರಂಜಕ ಎರಡೂ ಸ್ವಲ್ಪ ಉಳಿದಿರುತ್ತವೆ. ಅಂದರೆ ವಾರಕ್ಕೆ ಮೂರು ದಿನ ನೀವು ತೆಳ್ಳಗೆ ಗೊಬ್ಬರ ಕೊಡುತ್ತಲೇ ಇದ್ದೀರಿ. ಮೇಲಿಂದ ದಿನವೂ ಮಳೆ. ಬೇರು ಸದಾ ಒದ್ದೆಯಲ್ಲಿದ್ದರೆ ಉಸಿರು ಕಟ್ಟಿ ಕೊಳೆಯುತ್ತದೆ, ಹುಲ್ಲು ಹಳದಿಯಾಗುತ್ತದೆ. ಹಸಿವಾದಂತೆ ಕಾಣುತ್ತದೆ, ಆಗಿರುವುದು ಅಜೀರ್ಣ. ಮಳೆ ಬರುವ ವಾರಗಳಲ್ಲಿ ಸ್ಪ್ರಿಂಕ್ಲರ್ ನಿಲ್ಲಿಸಿ. ಮಳೆ ಬಂದಾಗ ತಾನೇ ನಿಲ್ಲುವ ಸೆನ್ಸರ್ ಇರಬೇಕು ಅಂತ ಫ್ಲೋರಿಡಾದಲ್ಲಿ ಕಾನೂನೇ ಇದೆ. ಹಳೆಯ ಮನೆ ಕೊಂಡವರ ಸೆನ್ಸರ್ ಎಷ್ಟೋ ಸಲ ಕೆಟ್ಟುಹೋಗಿರುತ್ತದೆ, ಒಮ್ಮೆ ಪರೀಕ್ಷಿಸಿ. ಕಟಾವಿನ ಎತ್ತರವನ್ನು ಮೂರೂವರೆಯಿಂದ ನಾಲ್ಕು ಇಂಚಿಗೆ ಏರಿಸಿ. ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಡಿ, ಅದೂ ಗೊಬ್ಬರವೇ. ರಸ್ತೆಗೆ ಊದಬೇಡಿ.

ಹುಳ ಇಲ್ಲ, ರೋಗ ಇಲ್ಲ, ನೀರೂ ಸರಿ, ಆದರೂ ಬಣ್ಣ ಪೇಲವ ಅಂದರೆ ಕಬ್ಬಿಣ ಕೊಡಿ. ನಿಷೇಧ ಇರುವುದು ಸಾರಜನಕ, ರಂಜಕಕ್ಕೆ. ಫೆರಸ್ ಸಲ್ಫೇಟ್ ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ, ಮೂರರಿಂದ ಐದು ಗ್ಯಾಲನ್ ನೀರಿನಲ್ಲಿ ಕರಗಿಸಿ 1,000 ಚದರ ಅಡಿಗೆ ಸಿಂಪಡಿಸಿ. ಕೆಲವೇ ದಿನದಲ್ಲಿ ಹಸಿರು ತಿರುಗುತ್ತದೆ, ಎರಡರಿಂದ ನಾಲ್ಕು ವಾರ ನಿಲ್ಲುತ್ತದೆ. ಹುಲ್ಲು ಬೆಳೆಯುವುದಿಲ್ಲ, ಬಣ್ಣ ಮಾತ್ರ ಬರುತ್ತದೆ. ಒಂದು ಎಚ್ಚರ: ಸಿಮೆಂಟಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದೇ ಇಲ್ಲ. ಅಂಚಿಗೆ ಹಲಗೆ ಹಿಡಿದು ಹೊಡೆಯಿರಿ. ಕೊಳ್ಳುವಾಗ ಚೀಟಿಯ ಮೇಲಿನ ಮೂರು ಅಂಕಿ ನೋಡಿ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ. ಬೇಸಿಗೆಯಲ್ಲಿ ಇವೆರಡೂ ಸೊನ್ನೆ ಇರಬೇಕು. 0-0-ಏನಾದರೂ ಆಗಲಿ.

ಸಗಣಿ ಗೊಬ್ಬರ ಕೇಳಿದ್ದೀರಿ. ಸಾವಯವ ಅಂದಮಾತ್ರಕ್ಕೆ ನೀರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೂಟೆಯಲ್ಲಿ ಬರುವ ಸಗಣಿ ಗೊಬ್ಬರದಲ್ಲಿ ಸಾರಜನಕವೂ ಇದೆ, ರಂಜಕವೂ ಇದೆ. ಲಾನ್ ಮೇಲೆ ಹರಡಿದರೆ ಮಳೆಗೆ ಅದೂ ಹರಿಯುತ್ತದೆ. ಅಕ್ಟೋಬರ್‌ವರೆಗೆ ತಡೆಯಿರಿ. ನೆರೆಯವರು ಹೇಳಬಹುದಾದ ಇನ್ನೊಂದು ಸಲಹೆ, ಕಳೆನಾಶಕ ಸೇರಿಸಿದ ಗೊಬ್ಬರದ ಮೂಟೆ. ಅದರಲ್ಲೂ ಸಾರಜನಕ ಇರುತ್ತದೆ. ಜೊತೆಗಿನ ಔಷಧಿ ಬಿರುಬಿಸಿಲಿನಲ್ಲಿ ಹುಲ್ಲನ್ನೇ ಸುಡಬಹುದು. ನಾನಂತೂ ಯಾರಿಗೂ ಹೇಳುವುದಿಲ್ಲ. "ಮುಂದಿನ ಸಲ ಮೇ ಕೊನೆಗೆ ಎರಡು ಪಟ್ಟು ಹಾಕಿಬಿಡೋಣ" ಅಂತ ಅನ್ನಿಸಿದರೆ ಅದನ್ನೂ ಬಿಡಿ. ಮೊದಲ ವಾರದ ಮಳೆಗೆ ಅದೆಲ್ಲ ಕೊಳಕ್ಕೆ ಹೋಗುತ್ತದೆ.

ಕೊಳದ ಅಂಚಿನಿಂದ ಹತ್ತು ಅಡಿ ಜಾಗಕ್ಕೆ ವರ್ಷದ ಯಾವ ದಿನವೂ ಗೊಬ್ಬರ ಬೇಡ. ಆ ಪಟ್ಟಿಯಲ್ಲಿ ಹುಲ್ಲನ್ನು ಎತ್ತರಕ್ಕೆ ಬಿಡಿ. ದಡದಲ್ಲಿ ನೀರಿನ ಗಿಡ ನೆಡುವುದು ಇನ್ನೂ ಒಳ್ಳೆಯದು, ಆದರೆ ಕೊಳ ಸಾಮಾನ್ಯವಾಗಿ ಎಚ್‌ಒಎ ಸುಪರ್ದಿನಲ್ಲಿರುತ್ತದೆ. ಕೇಳಿ ನೆಡಿ.

ಪ್ರತಿ ವರ್ಷ ಹಳದಿಯಾಗುವ ಜಾಗದಲ್ಲಿ ಸೇಂಟ್ ಅಗಸ್ಟೀನ್ ಜೊತೆ ಯಾಕೆ ಗುದ್ದಾಡಬೇಕು? ಅಲ್ಲಿ ಪೆರೆನಿಯಲ್ ಪೀನಟ್ ಹಾಕಬಹುದು. ಹೆಸರೇ ಹೇಳುವ ಹಾಗೆ ನಮ್ಮ ಕಡಲೆಕಾಯಿಯ ಬಂಧು. ಹಳದಿ ಹೂ ಬಿಡುತ್ತದೆ, ತನ್ನ ಸಾರಜನಕವನ್ನು ತಾನೇ ಗಾಳಿಯಿಂದ ಮಾಡಿಕೊಳ್ಳುತ್ತದೆ. ಇಲ್ಲವೇ ಸನ್‌ಶೈನ್ ಮಿಮೋಸಾ, ನಮ್ಮ ಮುಟ್ಟಿದರೆ ಮುನಿಯ ಬಳಗದ್ದು, ಫ್ಲೋರಿಡಾದ್ದೇ ಗಿಡ. ಎರಡಕ್ಕೂ ಬಿಸಿಲು ಬೇಕು. ಹರಡಿ ಮುಚ್ಚಲು ಸಮಯ ಹಿಡಿಯುತ್ತದೆ, ಅಲ್ಲಿಯವರೆಗೆ ಕಳೆ ಕೀಳಬೇಕು. ಚಳಿ ಜಾಸ್ತಿಯಾದರೆ ಕಂದಾಗುತ್ತವೆ. ಇಷ್ಟಕ್ಕೆ ಒಪ್ಪಿದರೆ ಮಾತ್ರ ಕೈಹಾಕಿ.

ಬದನೆ ಗಿಡದ ಬಗ್ಗೆ ಚಿಂತೆ ಬೇಡ. ಈ ಕಾನೂನುಗಳ ಗುರಿ ಲಾನ್ ಮತ್ತು ಅಲಂಕಾರದ ಗಿಡಗಳು. ತರಕಾರಿ ತೋಟಕ್ಕೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ನೀರಿನ ಅಂಚಿನಿಂದ ದೂರ ಇರಲಿ, ಅಷ್ಟೇ. ಮಲ್ಲಿಗೆ ಅಲಂಕಾರದ ಗಿಡದ ಲೆಕ್ಕಕ್ಕೆ ಬರಬಹುದು. ಕುಂಡದಲ್ಲಿದ್ದರೆ ಕಾಂಪೋಸ್ಟ್ ಬೆರೆಸಿ, ತಳದಿಂದ ನೀರು ಹರಿಯದ ಹಾಗೆ ತಟ್ಟೆ ಇಡಿ. ಕರಿಬೇವಿಗೆ ಬೇರೆಯದೇ ಒಂದು ಕಾನೂನಿದೆ. ಅದು ನಿಂಬೆ, ಕಿತ್ತಳೆ ಕುಟುಂಬದ್ದು. ಇಲ್ಲಿನ ಕಿತ್ತಳೆ ತೋಟಗಳನ್ನು ನಾಶ ಮಾಡಿದ ರೋಗವನ್ನು ಹೊತ್ತೊಯ್ಯುವ ಕೀಟ ಇದರ ಮೇಲೂ ಕೂರುತ್ತದೆ. ಹಾಗಾಗಿ ಬೇರೆ ರಾಜ್ಯದ ನೆಂಟರಿಗೆ ಗಿಡ ಕಳಿಸಬೇಡಿ.

ಎಚ್‌ಒಎ ನೋಟಿಸ್‌ಗೆ ಬರಹದಲ್ಲೇ ಉತ್ತರ ಕೊಡಿ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಗೊಬ್ಬರ ಹಾಕುವುದು ಕೌಂಟಿ ಕಾನೂನಿಗೆ ವಿರುದ್ಧ ಅಂತ ನಯವಾಗಿ ತಿಳಿಸಿ. ಡಬ್ಬಿ ಪರೀಕ್ಷೆಯ ಫೋಟೋ, ಸ್ಪ್ರಿಂಕ್ಲರ್ ಸರಿಮಾಡಿಸಿದ ರಸೀದಿ ಜೊತೆಗಿಡಿ. ಕ್ರಮ ತಗೊಳ್ಳುತ್ತಿದ್ದೀರಿ ಅಂತ ಕಂಡರೆ ಬಹಳಷ್ಟು ಎಚ್‌ಒಎಗಳು ಸಮಯ ಕೊಡುತ್ತವೆ. ನೆಲಹೊದಿಕೆ ಗಿಡ ಹಾಕುವುದಾದರೆ ಇನ್ನೊಂದು ಬಲ ನಿಮಗಿದೆ. ಫ್ಲೋರಿಡಾ-ಫ್ರೆಂಡ್ಲಿ ಲ್ಯಾಂಡ್‌ಸ್ಕೇಪಿಂಗ್ ಪದ್ಧತಿಯಲ್ಲಿ ಅಂಗಳ ಮಾಡಿಕೊಳ್ಳುವುದನ್ನು ಎಚ್‌ಒಎ ನಿಯಮಗಳು ನಿಷೇಧಿಸುವ ಹಾಗಿಲ್ಲ ಅಂತ ರಾಜ್ಯದ ಕಾನೂನೇ ಹೇಳುತ್ತದೆ. ಆದರೂ ನಕ್ಷೆ ತೋರಿಸಿ, ಒಪ್ಪಿಗೆ ಪಡೆದೇ ಶುರುಮಾಡಿ. ಅಗೆದ ಮೇಲೆ ಜಗಳ ಆಡುವುದಕ್ಕಿಂತ ಅದು ವಾಸಿ.

ಅಕ್ಟೋಬರ್ ಬಂದಮೇಲೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಆಮೇಲೆ 15-0-15 ತರಹದ, ಸಾರಜನಕದಲ್ಲಿ ಕನಿಷ್ಠ ಅರ್ಧ ನಿಧಾನವಾಗಿ ಕರಗುವ ಗೊಬ್ಬರ ತನ್ನಿ. ಒಂದು ಸಲಕ್ಕೆ 1,000 ಚದರ ಅಡಿಗೆ ಒಂದು ಪೌಂಡ್ ಸಾರಜನಕ ಮೀರಬಾರದು. 15-0-15ರಲ್ಲಿ ಸಾರಜನಕ ಶೇಕಡಾ 15 ಇರುವುದರಿಂದ, ನಿಮ್ಮ 4,000 ಚದರ ಅಡಿಗೆ ಅದು 26 ಪೌಂಡ್‌ಗಿಂತ ತುಸು ಜಾಸ್ತಿ ಗೊಬ್ಬರವಾಗುತ್ತದೆ. ನೇರಳೆ ಪೈಪಿನ ನೀರಿರುವ ನಿಮಗೆ ನಾನು ಅದರಲ್ಲಿ ಅರ್ಧ, 13 ಪೌಂಡ್ ಸಾಕು ಅನ್ನುತ್ತೇನೆ. ಸಿಮೆಂಟಿನ ಮೇಲೆ ಬಿದ್ದ ಕಾಳನ್ನು ನೀರು ಹೊಡೆದು ತೊಳೆಯಬೇಡಿ, ಪೊರಕೆಯಿಂದ ಗುಡಿಸಿ ಹುಲ್ಲಿಗೇ ಹಾಕಿ.

ಈ ಶನಿವಾರ ಡಬ್ಬಿ ಪರೀಕ್ಷೆ ಮಾಡಿ. ಬೇರು ಸಮೇತ ಒಂದು ಹಿಡಿ ಹುಲ್ಲು ಕಿತ್ತು ಬಿಳಿ ಕಾಗದದ ಮೇಲಿಟ್ಟು, ಎಲೆ ಹತ್ತಿರದಿಂದ ಒಂದು, ಬೇರು ಹತ್ತಿರದಿಂದ ಒಂದು ಫೋಟೋ ಕಳಿಸಿ. ಹುಳವೋ, ರೋಗವೋ, ನೀರೋ ಅಂತ ನೋಡಿ ಹೇಳುತ್ತೇನೆ.